ಸಂಬಳದ ಚೀಟಿಯಿಂದ ಸೇವಾ ಸಂಸ್ಥೆಗೆ: ಕಚೇರಿ ದೇಣಿಗೆ ಹರಿಯುವ ಬಗೆ, ಸೋರುವ ಜಾಗಗಳು

ಒಂದು ಸಣ್ಣ ಸೇವಾ ಸಂಸ್ಥೆಯ ಬ್ಯಾಂಕ್ ಖಾತೆಗೆ 4,730ರ ಒಂದು ಮೊತ್ತ ಬಂದು ಬಿದ್ದಿದೆ ಎಂದುಕೊಳ್ಳಿ. ಕಳುಹಿಸಿದವರ ಜಾಗದಲ್ಲಿ ಎಂದೂ ಕೇಳದ ಕಂಪನಿಯ ಹೆಸರು, ಪಕ್ಕದಲ್ಲಿ ಉದ್ದನೆಯ ಸಂಖ್ಯೆ. ಲೆಕ್ಕ ಬರೆಯುವವರು ಅದನ್ನು 'ಇತರೆ ಆದಾಯ'ದ ಸಾಲಿಗೆ ಹಾಕಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನಿಜದಲ್ಲಿ ಅದು ಯಾವುದೋ ಕಚೇರಿಯ 23 ಜನ ತಮ್ಮ ಸಂಬಳದಲ್ಲಿ ಮುರಿಸಿಕೊಂಡು ಕೊಟ್ಟ ಹಣ. ಅವರಿಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ, ಹಣ ಏನಾಯಿತೆಂದು ತಿಳಿಸುವುದೂ ಇಲ್ಲ. ವರ್ಷ ತುಂಬುವಷ್ಟರಲ್ಲಿ ಒಬ್ಬೊಬ್ಬರೇ ನಿಲ್ಲಿಸುತ್ತಾರೆ. ಮೊತ್ತ ಏಕೆ ಇಳಿಯಿತು ಎಂದು ಸಂಸ್ಥೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಕಚೇರಿಯ ಮೂಲಕ ಬರುವ ದೇಣಿಗೆಯ ದೊಡ್ಡ ತೊಂದರೆ ಇದೇ. ಕೊಡುವ ಮನಸ್ಸಿನವರು ಇರುತ್ತಾರೆ, ಹಣ ಸಾಗುವ ದಾರಿಯೂ ಇರುತ್ತದೆ. ಆ ದಾರಿಯ ನಕ್ಷೆ ಮಾತ್ರ ಪಡೆಯುವವರ ಕೈಯಲ್ಲಿ ಇರುವುದಿಲ್ಲ. ನೌಕರರ ಆ್ಯಪ್‌ನಲ್ಲಿ ರಜೆ, ವಿಮೆಗಳ ಪಕ್ಕದಲ್ಲೇ 'ದೇಣಿಗೆ' ಎಂಬ ಗುಂಡಿ ಕಾಣಿಸಿಕೊಳ್ಳುತ್ತಿದೆ. ಮನೆಯಿಂದ ಕೆಲಸ ಮಾಡುವವರ ಎದುರು ಹುಂಡಿ ಹಿಡಿದು ಓಡಾಡುವಂತಿಲ್ಲ. ಹಾಗಾಗಿ ಈ ದಾರಿಯನ್ನು ಅರಿಯುವುದು ಸಣ್ಣ ಸಂಸ್ಥೆಗಳಿಗೂ ಅಗತ್ಯವಾಗಿದೆ.

ಕಂಪನಿಯ ಹಣವಲ್ಲ, ನೌಕರರ ಹಣ

ಮೊದಲು ಒಂದು ಗೊಂದಲ ಬಿಡಿಸೋಣ. ಕಂಪನಿ ತನ್ನ ಲಾಭದಿಂದ ಕೊಡುವುದು ಒಂದು ಬಗೆ. ಅದನ್ನು ಸಿಎಸ್‌ಆರ್ ಎಂದೋ ಕಾರ್ಪೊರೇಟ್ ಅನುದಾನ ಎಂದೋ ಕರೆಯುತ್ತಾರೆ. ಅದಕ್ಕೆ ಪ್ರಸ್ತಾವನೆ, ಮಂಡಳಿಯ ಒಪ್ಪಿಗೆ, ಯೋಜನಾ ವರದಿ ಬೇಕು. ಒಂದೇ ಚೆಕ್ ಬರುತ್ತದೆ, ದೊಡ್ಡದಾಗಿ ಬರುತ್ತದೆ, ಯೋಜನೆ ಮುಗಿದೊಡನೆ ನಿಲ್ಲುತ್ತದೆ. ನೌಕರರು ತಮ್ಮ ಸ್ವಂತ ಹಣವನ್ನು ಕಚೇರಿಯ ವ್ಯವಸ್ಥೆಯ ಮೂಲಕ ಕೊಡುವುದು ಬೇರೆಯೇ ಬಗೆ. ಇಲ್ಲಿ ಕಂಪನಿ ದಾನಿಯಲ್ಲ, ದಾರಿ ಮಾತ್ರ. ಈ ಬರಹ ಆ ಎರಡನೆಯದರ ಬಗ್ಗೆ.

ಮೊದಲನೆಯದು ಕೆರೆಗೆ ಒಂದೇ ಮಳೆಯಲ್ಲಿ ಬರುವ ನೀರಾದರೆ ಎರಡನೆಯದು ತೋಟದ ಹನಿ ನೀರಾವರಿ. ಸಾಲದ್ದಕ್ಕೆ, ಯೋಜನೆಗೆಂದು ಬಂದ ಅನುದಾನವನ್ನು ಕಚೇರಿ ಬಾಡಿಗೆಗೋ ಲೆಕ್ಕಿಗರ ಸಂಬಳಕ್ಕೋ ಬಳಸಲು ಬಹಳ ಸಲ ಆಗುವುದಿಲ್ಲ. ನೌಕರರ ತಿಂಗಳ ದೇಣಿಗೆಗೆ ಸಾಮಾನ್ಯವಾಗಿ ಅಂಥ ಕಟ್ಟುಪಾಡು ಇರುವುದಿಲ್ಲ. ಸಣ್ಣ ಮೊತ್ತವಾದರೂ ಸಂಸ್ಥೆಯ ದೀಪ ಆರದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಇಂಥ ಹಣವೇ.

ಈ ದಾರಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಕೊಡುಗೆ ಬರುತ್ತದೆ: ಸಂಬಳದಲ್ಲಿ ತಿಂಗಳು ತಿಂಗಳು ಮುರಿಯುವ ವೇತನ ದೇಣಿಗೆ, ನೌಕರ ಕೊಟ್ಟಷ್ಟನ್ನು ಕಂಪನಿಯೂ ಸೇರಿಸುವ ಜೋಡಿ ದೇಣಿಗೆ, ವರ್ಷಕ್ಕೊಮ್ಮೆಯೋ ವಿಪತ್ತಿನ ಹೊತ್ತಿನಲ್ಲೋ ನಡೆಯುವ ಕಚೇರಿ ಅಭಿಯಾನ, ಮತ್ತು ನೌಕರರು ಸಮಯ ಕೊಟ್ಟದ್ದಕ್ಕೆ ಕಂಪನಿ ಕೊಡುವ ಸ್ವಯಂಸೇವಾ ಅನುದಾನ. ಮೊದಲೆರಡರಲ್ಲೇ ಹೆಚ್ಚಿನ ತಿರುವುಗಳಿರುವುದರಿಂದ ಅವುಗಳನ್ನು ನಿಧಾನವಾಗಿ ನೋಡೋಣ.

ಸಂಬಳದಲ್ಲಿ ಮುರಿದ ಹಣದ ಪ್ರಯಾಣ

ನೌಕರ ಒಂದು ಅರ್ಜಿಗೆ ಸಹಿ ಹಾಕುತ್ತಾನೆ ಅಥವಾ ಆ್ಯಪ್‌ನಲ್ಲಿ ಒಪ್ಪಿಗೆ ಕೊಡುತ್ತಾನೆ: 'ನನ್ನ ಸಂಬಳದಿಂದ ತಿಂಗಳಿಗೆ 200 ಮುರಿದು ಈ ಸಂಸ್ಥೆಗೆ ಕೊಡಿ.' ಈ ಲಿಖಿತ ಒಪ್ಪಿಗೆಯೇ ಎಲ್ಲಕ್ಕೂ ಬುನಾದಿ. ಮಾಲೀಕರು ಬಾಯಿಮಾತಿನ ಮೇಲೆ ಸಂಬಳ ಮುರಿಯುವಂತಿಲ್ಲ. ಒಪ್ಪಿಗೆ ವೇತನ ವಿಭಾಗಕ್ಕೆ ಹೋಗುತ್ತದೆ. ಪ್ರತಿ ತಿಂಗಳೂ ಸಂಬಳದ ಪಟ್ಟಿ ಮುಚ್ಚುವ ಒಂದು ದಿನಾಂಕ ಇರುತ್ತದೆ. ಅದರ ಮರುದಿನ ಬಂದ ಒಪ್ಪಿಗೆ ಮುಂದಿನ ತಿಂಗಳ ಪಟ್ಟಿಗೇ ಸೇರುವುದು. ಮುರಿದ ಹಣವೆಲ್ಲ ಒಟ್ಟಾಗಿ ಮಧ್ಯವರ್ತಿ ಸಂಸ್ಥೆಗೋ ಆನ್‌ಲೈನ್ ಪ್ಲಾಟ್‌ಫಾರ್ಮ್‌ಗೋ ಹೋಗುತ್ತದೆ. ಅವರು ಬೇರೆ ಬೇರೆ ಕಂಪನಿಗಳ ನೌಕರರ ಹಣವನ್ನು ಸಂಸ್ಥೆವಾರು ಬೇರ್ಪಡಿಸಿ, ತಮ್ಮ ಶುಲ್ಕ ಇದ್ದರೆ ಹಿಡಿದುಕೊಂಡು, ಒಂದೇ ಮೊತ್ತವಾಗಿ ಜಮೆ ಮಾಡುತ್ತಾರೆ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಬೇರೆಯಾಗಿ, ಇಮೇಲ್‌ನಲ್ಲಿ ಅಥವಾ ಅವರ ಜಾಲತಾಣದಲ್ಲಿ ಸಿಗುತ್ತದೆ.

ಇದೆಲ್ಲ ಸೇರಿದರೆ ಒಪ್ಪಿಗೆ ಕೊಟ್ಟ ದಿನದಿಂದ ಹಣ ಕೈಸೇರುವವರೆಗೆ ಎರಡು ಮೂರು ತಿಂಗಳು ಹಿಡಿಯುವುದು ಸಹಜ. ಬ್ರಿಟನ್ನಿನಲ್ಲಿ ಈ ವ್ಯವಸ್ಥೆ 1987ರಿಂದ ಇದೆ. ಅಲ್ಲಿ ಮಧ್ಯವರ್ತಿ ಸಂಸ್ಥೆಗಳು ತಮಗೆ ಬಂದ ಹಣವನ್ನು 35 ದಿನದೊಳಗೆ ದಾಟಿಸಬೇಕೆಂಬ ನಿಯಮವಿದೆ. ಅಭಿಯಾನ ನಡೆಸಿದ ಮರುತಿಂಗಳೇ ಖಾತೆ ನೋಡಿ 'ಏನೂ ಬಂದಿಲ್ಲ, ಪ್ರಯೋಜನವಿಲ್ಲ' ಎಂದು ಕೈಬಿಟ್ಟ ಸಂಸ್ಥೆಗಳು ಕಡಿಮೆಯೇನಲ್ಲ. ಕನಿಷ್ಠ ನಾಲ್ಕು ತಿಂಗಳು ಕಾದು ನೋಡಬೇಕು.

ತೆರಿಗೆಯ ವಿಚಾರ ದೇಶಕ್ಕೊಂದು ಬಗೆ, ಆದರೆ ಮೂಲದಲ್ಲಿ ಎರಡೇ ಮಾದರಿ. ತೆರಿಗೆ ಹಾಕುವ ಮೊದಲೇ ಸಂಬಳದಿಂದ ದೇಣಿಗೆ ತೆಗೆಯುವುದು ಒಂದು. ಬ್ರಿಟನ್ನಿನದು ಈ ಮಾದರಿ: ಶೇ 20ರ ತೆರಿಗೆ ಕಟ್ಟುವವರು 10 ಪೌಂಡ್ ಕೊಟ್ಟರೆ ಕೈಗೆ ಬರುವ ಸಂಬಳ ಕಡಿಮೆಯಾಗುವುದು 8 ಪೌಂಡ್ ಮಾತ್ರ, ಶೇ 40ರವರಿಗೆ 6 ಪೌಂಡ್. ತೆರಿಗೆ ಕಟ್ಟಿದ ಮೇಲೆ ಉಳಿದ ಸಂಬಳದಿಂದ ದೇಣಿಗೆ ಮುರಿದು, ವಿನಾಯಿತಿಯನ್ನು ವರ್ಷದ ಕೊನೆಗೆ ನೌಕರನೇ ಲೆಕ್ಕ ಸಲ್ಲಿಸಿ ಕೇಳುವುದು ಇನ್ನೊಂದು. ಅಮೆರಿಕದಲ್ಲಿ ಹೀಗೆ.

ಈ ವ್ಯತ್ಯಾಸ ಸಂಸ್ಥೆಗೆ ಏಕೆ ಮುಖ್ಯ? ರಸೀದಿಯ ಕಾರಣಕ್ಕೆ. ಮೊದಲನೆಯ ಮಾದರಿಯಲ್ಲಿ ನೌಕರನಿಗೆ ವಿನಾಯಿತಿ ಆಗಲೇ ಸಿಕ್ಕಿರುತ್ತದೆ. ಅದೇ ಹಣಕ್ಕೆ ಸಂಸ್ಥೆ ಮತ್ತೆ ತೆರಿಗೆ ರಸೀದಿ ಕೊಟ್ಟರೆ ಒಂದೇ ದೇಣಿಗೆಗೆ ಎರಡು ಸಲ ವಿನಾಯಿತಿ ಕೇಳಿದಂತಾಗಿ, ತಪ್ಪು ಸಂಸ್ಥೆಯ ಕೊರಳಿಗೆ ಬೀಳುತ್ತದೆ. ಎರಡನೆಯ ಮಾದರಿಯಲ್ಲಿ ಯಾರ ದಾಖಲೆ ಸಾಕ್ಷಿಯಾಗುತ್ತದೆ ಎಂದು ಮೊದಲೇ ತಿಳಿದಿರಬೇಕು. ಅಮೆರಿಕದಲ್ಲಿ ಸಂಬಳದ ಚೀಟಿ ಮತ್ತು ವಾಗ್ದಾನ ಪತ್ರ ಎರಡೂ ಸೇರಿ ಆ ಕೆಲಸ ಮಾಡುತ್ತವೆ. ಹಣ ಒಂದು ದತ್ತಿ ನಿಧಿಯ ಮೂಲಕ ಸುತ್ತಿ ಬಂದಿದ್ದರೆ ಕಾನೂನಿನ ಕಣ್ಣಿನಲ್ಲಿ ದಾನ ಪಡೆದದ್ದು ಆ ನಿಧಿಯೇ, ನೀವಲ್ಲ. ಆಗ ನೀವು ಬರೆಯಬಹುದಾದದ್ದು ಕೃತಜ್ಞತಾ ಪತ್ರ ಮಾತ್ರ, ರಸೀದಿಯಲ್ಲ. ಪ್ಲಾಟ್‌ಫಾರ್ಮ್‌ಗೆ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ: 'ರಸೀದಿ ಕೊಡುವವರು ನೀವೋ ನಾವೋ?'

ಜೋಡಿ ದೇಣಿಗೆ: ಕೇಳದೆ ಉಳಿದ ಹಣ

'ನೀನು ನೂರು ಹಾಕು, ನಾನೂ ನೂರು ಹಾಕುತ್ತೇನೆ' ಎಂಬ ಮಾತನ್ನೇ ಕಂಪನಿ ಬರಹಕ್ಕಿಳಿಸಿದರೆ ಅದು ಜೋಡಿ ದೇಣಿಗೆ. ಕಚೇರಿಗಳಲ್ಲಿ ಇದಕ್ಕೆ ಮ್ಯಾಚಿಂಗ್ ಎಂದೇ ಹೆಸರು. ಅಮೆರಿಕದಲ್ಲಿ 1954ರಲ್ಲಿ ಜನರಲ್ ಎಲೆಕ್ಟ್ರಿಕ್ ತನ್ನ ನೌಕರರು ತಾವು ಓದಿದ ಕಾಲೇಜುಗಳಿಗೆ ಕೊಟ್ಟಷ್ಟನ್ನು ತಾನೂ ಸೇರಿಸುವ ಕಾರ್ಯಕ್ರಮ ಆರಂಭಿಸಿತು. ಈ ಪದ್ಧತಿಯ ಮೊದಲ ಹೆಜ್ಜೆ ಎಂದು ಅದನ್ನು ಗುರುತಿಸುತ್ತಾರೆ.

ಪ್ರತಿ ಕಂಪನಿಯ ನಿಯಮದಲ್ಲೂ ಐದು ಸಂಗತಿ ನೋಡಬೇಕು. ಅನುಪಾತ: ಒಂದಕ್ಕೆ ಒಂದೋ, ಒಂದಕ್ಕೆ ಅರ್ಧವೋ, ಒಂದಕ್ಕೆ ಎರಡೋ. ಮಿತಿ: ಒಬ್ಬ ನೌಕರನಿಗೆ ವರ್ಷಕ್ಕೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಅರ್ಹ ನೌಕರರು: ಕಾಯಂ ಆದವರಿಗೆ ಮಾತ್ರವೋ, ಅರೆಕಾಲಿಕರು, ನಿವೃತ್ತರಿಗೂ ಉಂಟೋ. ಅರ್ಹ ಸಂಸ್ಥೆಗಳು: ಕೆಲವರು ಶಿಕ್ಷಣ ಸಂಸ್ಥೆಗಳಿಗಷ್ಟೇ ಕೊಡುತ್ತಾರೆ, ಬಹಳಷ್ಟು ಕಂಪನಿಗಳು ಧಾರ್ಮಿಕ ಮತ್ತು ರಾಜಕೀಯ ಉದ್ದೇಶಗಳನ್ನು ಹೊರಗಿಡುತ್ತವೆ. ಕೊನೆಯದು ಗಡುವು: ದೇಣಿಗೆ ಕೊಟ್ಟ ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು. ಹೆಚ್ಚು ಹಣ ತಪ್ಪಿಹೋಗುವುದು ಈ ಗಡುವಿನಲ್ಲೇ.

ಏಕೆಂದರೆ ಬಹಳ ಕಡೆ ಜೋಡಿ ಹಣ ತಾನಾಗಿ ಬರುವುದಿಲ್ಲ. ನೌಕರ ದೇಣಿಗೆ ಕೊಟ್ಟು, ರಸೀದಿ ಹಿಡಿದು, ಕಂಪನಿಯ ಜಾಲತಾಣಕ್ಕೆ ಹೋಗಿ ಅರ್ಜಿ ತುಂಬಬೇಕು. ಆಮೇಲೆ ಕಂಪನಿಯ ಪರವಾಗಿ ಒಂದು ಇಮೇಲ್ ಸಂಸ್ಥೆಗೆ ಬರುತ್ತದೆ: 'ಇಂಥವರು ಇಷ್ಟು ಕೊಟ್ಟದ್ದು ನಿಜವೇ?' ಅದಕ್ಕೆ ಸಂಸ್ಥೆ ಹೌದು ಎನ್ನಬೇಕು. ನಂತರ ತ್ರೈಮಾಸಿಕದ ಕೊನೆಗೆ ಹಣ ಬರುತ್ತದೆ. ನೌಕರನಿಗೆ ಹೀಗೊಂದು ಸೌಲಭ್ಯ ಇರುವುದೇ ಗೊತ್ತಿಲ್ಲದಿದ್ದರೆ ಮೊದಲ ಹೆಜ್ಜೆಯೇ ಬೀಳುವುದಿಲ್ಲ. ದೃಢೀಕರಣದ ಇಮೇಲ್ ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ವಿಳಾಸಕ್ಕೆ ಹೋಗುತ್ತಿದ್ದರೆ ಕೊನೆಯ ಹೆಜ್ಜೆ ಬೀಳುವುದಿಲ್ಲ. ಇಂಥ ಕೆಲಸಕ್ಕೆ ವ್ಯಕ್ತಿಯ ಹೆಸರಿನ ಇಮೇಲ್ ಬೇಡ. ಸಂಸ್ಥೆಯ ಹೆಸರಿನ ಒಂದು ಸಾಮಾನ್ಯ ವಿಳಾಸ ಇಟ್ಟು, ಇಬ್ಬರು ಅದನ್ನು ನೋಡುವಂತೆ ಮಾಡಿ.

ಸಂಸ್ಥೆಯ ಕಡೆಯಿಂದ ಮಾಡಬಹುದಾದ ಕೆಲಸ ಸರಳ. ದೇಣಿಗೆಯ ಅರ್ಜಿಯಲ್ಲಿ ಕಡ್ಡಾಯವಲ್ಲದ ಒಂದು ಖಾಲಿ ಜಾಗ ಸೇರಿಸಿ: 'ನೀವು ಕೆಲಸ ಮಾಡುವ ಸಂಸ್ಥೆ'. ಕೃತಜ್ಞತಾ ಇಮೇಲ್‌ನಲ್ಲಿ ಎರಡು ಸಾಲು: 'ನಿಮ್ಮ ಕಂಪನಿ ಜೋಡಿ ದೇಣಿಗೆ ಕೊಡಬಹುದು. ಅರ್ಜಿಗೆ ಬೇಕಾಗುವ ನಮ್ಮ ನೋಂದಣಿ ಸಂಖ್ಯೆ, ವಿಳಾಸ, ರಸೀದಿ ಸಂಖ್ಯೆ ಇಲ್ಲಿವೆ.' ಕೊಟ್ಟ ಉತ್ಸಾಹ ಆರುವ ಮೊದಲು, ಅಂದರೆ ಅದೇ ದಿನ, ಈ ಇಮೇಲ್ ಹೋಗಬೇಕು. ಎರಡು ವಾರ ಕಳೆದು ಒಂದೇ ಒಂದು ನೆನಪಿನೋಲೆ ಸಾಕು.

ಅನುಪಾತ ದೊಡ್ಡದಾದಷ್ಟೂ ಹೆಚ್ಚು ಜನ ಕೊಡುತ್ತಾರೆಯೇ? ಹಾಗೆಂದು ತೋರುತ್ತದೆ, ಆದರೆ ಪ್ರಯೋಗ ಬೇರೆ ಹೇಳಿತು. ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ಸಂಸ್ಥೆಯ 50,000ಕ್ಕೂ ಹೆಚ್ಚು ಹಳೆಯ ದಾನಿಗಳಿಗೆ ಬೇರೆ ಬೇರೆ ಪತ್ರ ಕಳುಹಿಸಲಾಗಿತ್ತು. ಜೋಡಿ ಹಣ ಉಂಟು ಎಂದು ತಿಳಿಸಿದಾಗ ಕೊಡುವ ಸಂಭವ ಶೇ 22ರಷ್ಟು, ಪ್ರತಿ ಪತ್ರಕ್ಕೆ ಬಂದ ಹಣ ಶೇ 19ರಷ್ಟು ಹೆಚ್ಚಿತು. ಒಂದಕ್ಕೆ ಎರಡು, ಒಂದಕ್ಕೆ ಮೂರು ಎಂದು ಅನುಪಾತ ಏರಿಸಿದರೆ ಮಾತ್ರ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಮ್ಯೂನಿಕ್‌ನ ಒಪೆರಾ ಸಂಸ್ಥೆಯೊಂದರ ಪ್ರೇಕ್ಷಕರ ನಡುವೆ ನಡೆದ ಇನ್ನೊಂದು ಪ್ರಯೋಗ ಮತ್ತೂ ಮುಂದೆ ಹೋಯಿತು: ಒಬ್ಬ ದೊಡ್ಡ ದಾನಿ ಆಗಲೇ ಇಷ್ಟು ಕೊಟ್ಟಿದ್ದಾರೆ ಎಂದು ಸುಮ್ಮನೆ ತಿಳಿಸುವುದೇ ಜೋಡಿ ಲೆಕ್ಕಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಎರಡೂ ಕಚೇರಿಯೊಳಗಿನ ಪ್ರಯೋಗಗಳಲ್ಲ, ಆದರೂ ಪಾಠ ಉಪಯುಕ್ತ. ಒಂದು ಕಂಪನಿ ದೇಣಿಗೆಗೆಂದು ನಿಗದಿತ ಮೊತ್ತ ಎತ್ತಿಟ್ಟಿದ್ದರೆ, ಅದನ್ನು ಒಂದಕ್ಕೆ ಮೂರರಂತೆ ಬೇಗ ಖಾಲಿ ಮಾಡುವ ಬದಲು ಒಂದಕ್ಕೆ ಒಂದರಂತೆ ಹೆಚ್ಚು ಜನರಿಗೆ ಹಂಚಿ ಎಂದು ಸಲಹೆ ಕೊಡಬಹುದು.

ಬಾಗಿಲು ತಟ್ಟುವ ಮೊದಲು

ಹೊಸ ಕಂಪನಿಗಳ ಪಟ್ಟಿ ಹಿಡಿದು ಹೊರಡುವುದು ಬಹಳ ಸಂಸ್ಥೆಗಳ ಮೊದಲ ತಪ್ಪು. ಹುಡುಕಾಟ ಮನೆಯೊಳಗಿಂದ ಶುರುವಾಗಬೇಕು. ಈಗಿರುವ ದಾನಿಗಳು, ಸ್ವಯಂಸೇವಕರು, ಆಡಳಿತ ಮಂಡಳಿಯ ಸದಸ್ಯರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಪಟ್ಟಿ ಮಾಡಿ. ಒಂದೇ ಕಚೇರಿಯಿಂದ ಮೂವರು ನಾಲ್ವರು ಸಿಕ್ಕರೆ ಅದೇ ಮೊದಲ ಬಾಗಿಲು. ಒಳಗಿನವರೊಬ್ಬರು 'ನನಗೆ ಇವರು ಗೊತ್ತು' ಎಂದರೆ ಹೊರಗಿನವರ ಹತ್ತು ಇಮೇಲ್‌ಗಳಿಗೂ ಆಗದ ಕೆಲಸ ಆಗುತ್ತದೆ.

ಯಾರನ್ನು ಕಾಣಬೇಕು? ಅನುಮತಿ ಕೊಡುವುದು ಎಚ್‌ಆರ್ ಅಥವಾ ಸಿಎಸ್‌ಆರ್ ವಿಭಾಗ. ಆದರೆ ನಿಜವಾಗಿ ಕೆಲಸ ಹೆಚ್ಚುವುದು ವೇತನ ವಿಭಾಗಕ್ಕೆ. ಅವರನ್ನು ಬಿಟ್ಟು ಮಾತು ಮುಗಿಸಿದರೆ, ಎಲ್ಲರೂ ಒಪ್ಪಿದ ಯೋಜನೆ 'ಸಾಫ್ಟ್‌ವೇರ್‌ನಲ್ಲಿ ಆ ಅವಕಾಶ ಇಲ್ಲ' ಎಂಬ ಒಂದೇ ವಾಕ್ಯಕ್ಕೆ ನಿಂತುಬಿಡುತ್ತದೆ. ಕಂಪನಿ ಆಗಲೇ ಯಾವುದಾದರೂ ಪ್ಲಾಟ್‌ಫಾರ್ಮ್ ಬಳಸುತ್ತಿದ್ದರೆ ಹೊಸ ವ್ಯವಸ್ಥೆ ಕೇಳಬೇಡಿ. ಅದೇ ಪ್ಲಾಟ್‌ಫಾರ್ಮ್‌ನಲ್ಲಿ ನಿಮ್ಮ ಹೆಸರು ನೋಂದಾಯಿಸಿಕೊಳ್ಳಿ. ಯಾವ ವ್ಯವಸ್ಥೆಯೂ ಇಲ್ಲದ ಸಣ್ಣ ಕಚೇರಿಯಾದರೆ ಸಂಬಳ ಮುರಿಯುವ ಗೋಜೇ ಬೇಡ. ನೌಕರರೇ ತಮ್ಮ ಬ್ಯಾಂಕಿಗೆ ತಿಂಗಳ ಸ್ವಯಂಪಾವತಿಯ ಸೂಚನೆ ಕೊಡಲಿ, ದಿನಾಂಕ ಸಂಬಳ ಬರುವ ಮರುದಿನದ್ದಿರಲಿ. ಫಲ ಬಹುಮಟ್ಟಿಗೆ ಒಂದೇ, ಜೊತೆಗೆ ಕೆಲಸ ಬದಲಾದರೂ ದೇಣಿಗೆ ನಿಲ್ಲುವುದಿಲ್ಲ.

ಕೈಯಲ್ಲಿ ಸಿದ್ಧವಿರಬೇಕಾದ ಕಾಗದಗಳು: ನೋಂದಣಿ ಪತ್ರ, ತೆರಿಗೆ ವಿನಾಯಿತಿಯ ಪತ್ರ, ಹಿಂದಿನ ಎರಡು ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ, ಬ್ಯಾಂಕ್ ಖಾತೆಯ ದಾಖಲೆ, ಮಂಡಳಿಯ ಸದಸ್ಯರ ಪಟ್ಟಿ. ಇವೆಲ್ಲದರಲ್ಲೂ ಸಂಸ್ಥೆಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಜನ ಕರೆಯುವ ಹೆಸರು ಒಂದು, ನೋಂದಣಿಯ ಹೆಸರು ಇನ್ನೊಂದು, ಬ್ಯಾಂಕಿನಲ್ಲಿ ಅದನ್ನೇ ಮೊಟಕು ಮಾಡಿದ ಮೂರನೆಯದು ಎಂದಾದರೆ ಪ್ಲಾಟ್‌ಫಾರ್ಮ್‌ನ ಪರಿಶೀಲನೆಯಲ್ಲಿ ಅರ್ಜಿ ತಿಂಗಳುಗಟ್ಟಲೆ ಕೂರುತ್ತದೆ. ಪ್ಲಾಟ್‌ಫಾರ್ಮ್‌ನ ಹುಡುಕು ಪೆಟ್ಟಿಗೆಯಲ್ಲಿ ಜನರಿಗೆ ಗೊತ್ತಿರುವ ಹೆಸರು ಹಾಕಿ ನೀವೇ ಒಮ್ಮೆ ಹುಡುಕಿ ನೋಡಿ. ನೀವು ನಿಮಗೇ ಸಿಗದಿದ್ದರೆ ನೌಕರರಿಗೆ ಖಂಡಿತ ಸಿಗುವುದಿಲ್ಲ.

ಕೇಳುವ ಮಾತು

ಅಂಕಿಯಿಲ್ಲದ ಕೋರಿಕೆ ಕೇಳಿದವರನ್ನು ಲೆಕ್ಕಕ್ಕೆ ಹಚ್ಚುತ್ತದೆ, ಲೆಕ್ಕಕ್ಕೆ ಬಿದ್ದವರು ಮುಂದೂಡುತ್ತಾರೆ. 'ಎಷ್ಟಾದರೂ ಕೊಡಿ' ಎನ್ನುವ ಬದಲು ಮೂರು ಮೊತ್ತ ಇಡಿ, ಪ್ರತಿಯೊಂದಕ್ಕೂ ಏನಾಗುತ್ತದೆ ಎಂದು ಹೇಳಿ. ಆ ಮಾತು ಲೆಕ್ಕಕ್ಕೆ ನಿಲ್ಲುವಂತಿರಬೇಕು: 'ತಿಂಗಳಿಗೆ 300 ಒಂದು ಮಗುವಿನ ಸಂಜೆ ಪಾಠದ ಖರ್ಚು' ಎಂದರೆ ಬಾಡಿಗೆ, ಶಿಕ್ಷಕರ ಸಂಬಳ ಎಲ್ಲ ಸೇರಿಸಿ ಭಾಗಿಸಿದ ಅಂಕಿ ಅದಾಗಿರಬೇಕು, ಪುಸ್ತಕದ ಬೆಲೆ ಮಾತ್ರವಲ್ಲ. ಕಚೇರಿಯಲ್ಲಿ ಲೆಕ್ಕ ಬಲ್ಲವರು ಇದ್ದೇ ಇರುತ್ತಾರೆ, ಕೇಳಿಯೇ ಕೇಳುತ್ತಾರೆ.

ಕಚೇರಿಯೊಳಗೆ ಕೇಳುವ ಬಗೆಯನ್ನು ಅಳೆದು ನೋಡಿದ ಪ್ರಯೋಗಗಳೂ ಇವೆ. ಜನರ ನಡವಳಿಕೆಯನ್ನು ಅಧ್ಯಯನ ಮಾಡುವ ಬ್ರಿಟನ್ನಿನ ಬಿಹೇವಿಯರಲ್ ಇನ್‌ಸೈಟ್ಸ್ ತಂಡ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂರು ಗಮನಿಸತಕ್ಕವು. ಲಂಡನ್ನಿನ ಒಂದು ಹೂಡಿಕೆ ಬ್ಯಾಂಕಿನಲ್ಲಿ ನೌಕರರಿಗೆ ಒಂದು ದಿನದ ಸಂಬಳ ಕೊಡುವಂತೆ ಕೇಳಲಾಯಿತು. ಎಲ್ಲರಿಗೂ ಒಂದೇ ಒಕ್ಕಣೆಯ ಇಮೇಲ್ ಹೋದಾಗ ಕೊಟ್ಟವರು ಶೇ 5. ಮುಖ್ಯಸ್ಥರ ಇಮೇಲ್‌ನಲ್ಲಿ ನೌಕರರ ಹೆಸರು ಹಿಡಿದು ಬರೆದಾಗ ಶೇ 12. ಬಾಗಿಲಲ್ಲಿ ಸ್ವಯಂಸೇವಕರು ಸಿಹಿಯ ಒಂದು ಪೊಟ್ಟಣ ಕೈಗಿಟ್ಟಾಗ ಶೇ 11. ಎರಡೂ ಸೇರಿದಾಗ ಶೇ 17. ಇನ್ನೊಂದು ತೆರಿಗೆ ಇಲಾಖೆಯದು: ಆಗಲೇ ಕೊಡುತ್ತಿದ್ದ ಸಹೋದ್ಯೋಗಿಗಳು 'ನಾನೇಕೆ ಕೊಡುತ್ತೇನೆ' ಎಂದು ಬರೆದ ಇ-ಕಾರ್ಡ್‌ಗೆ ಅವರ ಭಾವಚಿತ್ರ ಸೇರಿಸಿದಾಗ ಹೊಸದಾಗಿ ಸೇರಿದವರ ಪಾಲು ಶೇ 2.9ರಿಂದ ಶೇ 6.4ಕ್ಕೆ ಏರಿತು.

ಮೂರನೆಯದು ಅರ್ಜಿಯಲ್ಲಿನ ಒಂದು ಚೌಕದ ಕತೆ. ಚಿಲ್ಲರೆ ಮಾರಾಟದ ದೊಡ್ಡ ಕಂಪನಿಯೊಂದರಲ್ಲಿ ವೇತನ ದೇಣಿಗೆಗೆ ಸೇರುವವರಿಗೆ, ವರ್ಷಕ್ಕೆ ಶೇ 3ರಂತೆ ದೇಣಿಗೆ ತಾನಾಗಿ ಏರಲಿ ಎಂಬ ಆಯ್ಕೆ ಇತ್ತು. ಬೇಕೆಂದವರು ಗುರುತು ಹಾಕಬೇಕಿದ್ದಾಗ ಅದನ್ನು ಆಯ್ದವರು ಶೇ 10. ಅದನ್ನೇ ತಿರುಗಿಸಿ, ಬೇಡವೆಂದವರು ಗುರುತು ಹಾಕಬೇಕು ಎಂದು ಮಾಡಿದಾಗ ಶೇ 49. ವರ್ಷಕ್ಕೆ ಶೇ 3 ಎಂದರೆ ಏನು ಮಹಾ ಎನಿಸಬಹುದು: ತಿಂಗಳಿಗೆ 100 ಕೊಡುತ್ತಿದ್ದವರು ಹತ್ತು ವರ್ಷದ ಬಳಿಕ ಸುಮಾರು 134 ಕೊಡುತ್ತಿರುತ್ತಾರೆ. ಹಾಗೆ ಏರದ ದೇಣಿಗೆಯನ್ನು ಬೆಲೆಯೇರಿಕೆ ಸದ್ದಿಲ್ಲದೆ ಕರಗಿಸುತ್ತದೆ.

ಒಂದು ಎಚ್ಚರಿಕೆ. ಈ 'ಬೇಡವೆಂದವರು ಹೇಳಿ' ಎಂಬ ಕ್ರಮ, ಈಗಾಗಲೇ ಸೇರಲು ಒಪ್ಪಿದವರ ಏರಿಕೆಗೆ ಸರಿ. ಯಾರನ್ನೂ ಕೇಳದೆ ಎಲ್ಲರ ಸಂಬಳದಲ್ಲೂ ದೇಣಿಗೆ ಮುರಿದು, ಬೇಡದವರು ಬಂದು ಹೇಳಲಿ ಎನ್ನುವುದು ಬೇರೆ ಮಾತು. ಅದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಎಲ್ಲ ಕಡೆಯೂ ಮನಸ್ಸು ಕೆಡಿಸುವ ದಾರಿ.

ಕೊಡುಗೆಯೋ, ಕಪ್ಪವೋ

ಕಚೇರಿಯಲ್ಲಿ ಕೇಳುವವರು ಮೇಲಧಿಕಾರಿಯಾದರೆ 'ಇಲ್ಲ' ಎನ್ನುವುದು ಕಷ್ಟ. ಬಡ್ತಿ, ರಜೆ, ವರ್ಷದ ಮೌಲ್ಯಮಾಪನ ಎಲ್ಲ ಆ ಕೈಯಲ್ಲೇ ಇರುತ್ತದೆ. ಹೀಗೆ ಬಂದ ಹಣ ಮೊದಲ ವರ್ಷ ಚೆನ್ನಾಗಿ ಕಾಣುತ್ತದೆ. ಆ ಅಧಿಕಾರಿ ವರ್ಗವಾದ ತಿಂಗಳೇ ಕುಸಿಯುತ್ತದೆ, ಕಹಿ ಮಾತ್ರ ನಿಮ್ಮ ಸಂಸ್ಥೆಯ ಹೆಸರಿಗೆ ಅಂಟಿಕೊಂಡಿರುತ್ತದೆ.

ಇದನ್ನು ತಡೆಯುವ ಬಗೆಗೆ ಒಳ್ಳೆಯ ಮಾದರಿ ಅಮೆರಿಕದ ಒಕ್ಕೂಟ ಸರ್ಕಾರದ ನೌಕರರ ದೇಣಿಗೆ ಅಭಿಯಾನ. 1961ರಲ್ಲಿ ಅಧ್ಯಕ್ಷ ಕೆನಡಿಯವರ ಆದೇಶದಲ್ಲಿ ಬೇರುಗಳಿರುವ ಈ ಕಾರ್ಯಕ್ರಮದ ನಿಯಮಾವಳಿ ಒತ್ತಾಯದ ಬಗೆಗಳನ್ನು ಹೆಸರಿಸಿಯೇ ನಿಷೇಧಿಸುತ್ತದೆ: ಮೇಲ್ವಿಚಾರಕರು ತಮ್ಮ ಕೈಕೆಳಗಿನವರನ್ನು ನೇರವಾಗಿ ಕೇಳುವುದು, ಕೊಟ್ಟೆಯಾ ಎಷ್ಟು ಕೊಟ್ಟೆ ಎಂದು ವಿಚಾರಿಸುವುದು, ನೂರಕ್ಕೆ ನೂರು ಮಂದಿ ಸೇರಬೇಕೆಂಬ ಗುರಿ ಇಡುವುದು, ಒಬ್ಬೊಬ್ಬರಿಗೆ ಇಷ್ಟೆಂದು ಗೊತ್ತುಮಾಡುವುದು, ಕೊಡದವರ ಪಟ್ಟಿ ತಯಾರಿಸುವುದು. ಈ ಐದನ್ನು ಹಾಗೆಯೇ ಬರೆದು ಕಂಪನಿಯ ಮುಂದಿಟ್ಟು, 'ನಮ್ಮ ಹೆಸರಿನಲ್ಲಿ ಇವು ಆಗುವುದು ಬೇಡ' ಎನ್ನಬಹುದು. ಹೀಗೆ ಹೇಳಿದ ಸಂಸ್ಥೆಯ ಮೇಲೆ ಎಚ್‌ಆರ್ ವಿಭಾಗಕ್ಕೆ ವಿಶ್ವಾಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಸಮಯದ ಕೊಡುಗೆ

ಕೆಲವು ಕಂಪನಿಗಳು ನೌಕರ ಸ್ವಯಂಸೇವೆಗೆ ಕೊಟ್ಟ ಗಂಟೆಗಳನ್ನು ಲೆಕ್ಕ ಹಾಕಿ ಸಂಸ್ಥೆಗೆ ಹಣ ಕೊಡುತ್ತವೆ. ಗಂಟೆಗಳ ದಾಖಲೆ, ಅದಕ್ಕೊಂದು ಸಹಿ ಇಷ್ಟೇ ಬೇಕಾದದ್ದು. ಹಾಜರಿ ಪುಸ್ತಕ ಇಡದ ಸಂಸ್ಥೆಗಳು ಈ ಹಣ ಕಳೆದುಕೊಳ್ಳುತ್ತವೆ. ಮೂವತ್ತು ಜನ ಒಂದು ದಿನ ಬಂದು ಗೋಡೆಗೆ ಬಣ್ಣ ಬಳಿಯುವ ಕಾರ್ಯಕ್ರಮಕ್ಕೆ ಮಾತ್ರ ಒಪ್ಪುವ ಮುನ್ನ ಲೆಕ್ಕ ಹಾಕಿ: ಬಣ್ಣ, ಕುಂಚ, ಊಟ, ನಿಮ್ಮವರ ಇಬ್ಬರ ಎರಡು ದಿನದ ಸಂಬಳ. ಆ ಖರ್ಚನ್ನು ಕಂಪನಿ ಭರಿಸಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಂದವರಿಗೆ ವೇತನ ದೇಣಿಗೆಯ ವಿಷಯ ತಿಳಿಸಲು ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ.

ಎಲ್ಲಿ ಸೋರುತ್ತದೆ

ಒಂದು ಲೆಕ್ಕ ಕಟ್ಟಿ ನೋಡೋಣ. ಸಾವಿರ ನೌಕರರ ಕಂಪನಿಯಲ್ಲಿ 30 ಜನ ಸೇರಿ, ತಲಾ ತಿಂಗಳಿಗೆ 200 ಒಪ್ಪಿದರು. ಕಾಗದದ ಮೇಲೆ ವರ್ಷಕ್ಕೆ 72,000. ಅವರಲ್ಲಿ ಆರು ಮಂದಿ ವರ್ಷದ ನಡುವೆ ಕೆಲಸ ಬಿಟ್ಟರೆ ಅವರ ಅರ್ಧ ವರ್ಷದ ಹಣ, 7,200, ಹೋಯಿತು. ಉಳಿದ 64,800ರಲ್ಲಿ ಪ್ಲಾಟ್‌ಫಾರ್ಮ್ ಶುಲ್ಕ ಶೇ 5 ಆದರೆ 3,240. ಕೈಗೆ ಬಂದದ್ದು 61,560. ವರ್ಷದ ಆಯವ್ಯಯದಲ್ಲಿ 72,000 ಎಂದು ಬರೆದುಕೊಂಡಿದ್ದರೆ ತೊಂದರೆ ಶುರುವಾಗುವುದು ಅಲ್ಲಿಂದ. ವಾಗ್ದಾನದ ಮೊತ್ತವನ್ನು ಎಂದೂ ಆದಾಯವೆಂದು ಎಣಿಸಬಾರದು. ಹಿಂದಿನ ವರ್ಷದ ವಾಗ್ದಾನಕ್ಕೂ ಕೈಸೇರಿದ್ದಕ್ಕೂ ಇರುವ ಅಂತರವನ್ನೇ ಈ ವರ್ಷದ ಅಳತೆಗೋಲಾಗಿಟ್ಟುಕೊಳ್ಳಬೇಕು.

ಇದಕ್ಕಿಂತ ಕೆಟ್ಟ ಸೋರಿಕೆ ಲೆಕ್ಕದ ಪುಸ್ತಕದಲ್ಲಿ. ಬ್ಯಾಂಕಿಗೆ ಒಟ್ಟು ಮೊತ್ತ ಬರುತ್ತದೆ, ವಿವರ ಇನ್ನೆಲ್ಲೋ ಇರುತ್ತದೆ. ತಿಂಗಳಿಗೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು, ಪಾವತಿ ಸಂಖ್ಯೆ ಹಿಡಿದು ತಾಳೆ ನೋಡಬೇಕು. ಪ್ರತಿ ಸಾಲಿನಲ್ಲೂ ನೌಕರರ ಹಣ, ಕಂಪನಿಯ ಜೋಡಿ ಹಣ, ಶುಲ್ಕ ಮೂರೂ ಬೇರೆ ಕಾಣಬೇಕು. ನೌಕರರು 500 ಕೊಟ್ಟು ಕಂಪನಿ 500 ಸೇರಿಸಿದರೆ ದಾನಿಯ ಹೆಸರಿಗೆ 500 ಮಾತ್ರ ಬರೆಯಬೇಕು. ಸಾವಿರಕ್ಕೆ ರಸೀದಿ ಕೊಟ್ಟರೆ ಅದು ತಪ್ಪು. ದಾಖಲೆಯಲ್ಲಿ 'ಇವರಿಂದಾಗಿ ಬಂದದ್ದು' ಎಂದು ಇನ್ನೊಂದು ಅಂಕಣ ಇಟ್ಟುಕೊಂಡರೆ, ಕೃತಜ್ಞತೆ ಹೇಳುವಾಗ ಸಾವಿರದ ಮಾತನ್ನೂ ಆಡಬಹುದು.

ಹೆಸರು ಮರೆಮಾಡಿದ ದಾನಿಗಳು ಈ ದಾರಿಯಲ್ಲಿ ಬಹಳ. ಅನೇಕ ಸಲ ಅವರು ಬೇಕೆಂದು ಮರೆಮಾಡಿದ್ದಲ್ಲ. ಅರ್ಜಿಯಲ್ಲಿ 'ನನ್ನ ವಿವರ ಸಂಸ್ಥೆಗೆ ತಿಳಿಸಿ' ಎಂಬ ಚೌಕ ಕಣ್ಣಿಗೆ ಬಿದ್ದಿರುವುದಿಲ್ಲ. ಸೇರುವ ದಿನವೇ ಆ ಚೌಕದ ಬಗ್ಗೆ ಹೇಳಿ. ಹೆಸರು ಸಿಗದವರಿಗೂ ಸುದ್ದಿ ಮುಟ್ಟಿಸುವ ದಾರಿ ಇದೆ: ಆರು ತಿಂಗಳಿಗೊಮ್ಮೆ ಒಂದು ಪುಟದ ವರದಿ ಬರೆದು, ಕಂಪನಿಯೇ ತನ್ನ ಒಳಜಾಲದಲ್ಲಿ ಹಾಕುವಂತೆ ಕೊಡಿ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಅಂದುಕೊಂಡದ್ದರಲ್ಲಿ ಏನು ಆಗಲಿಲ್ಲ, ಮೂರೂ ಇರಲಿ. ಹೆಸರು ಮರೆಮಾಡಿಯೇ ಇರಬೇಕೆಂದು ಬಯಸಿದವರನ್ನು ಹುಡುಕಿಕೊಂಡು ಹೋಗುವುದು ಬೇಡ.

ಎಷ್ಟು ಹೊತ್ತು ಇದಕ್ಕೆ ಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ ಬಂದದ್ದು ಸುಮಾರು 5,130. ತಾಳೆ ನೋಡಲು, ದೃಢೀಕರಿಸಲು, ವರದಿ ಬರೆಯಲು ಒಬ್ಬರ ಎರಡು ದಿನ ಹೋದರೆ ಆ ಎರಡು ದಿನದ ಸಂಬಳವೆಷ್ಟು? ಎರಡೂ ಹೆಚ್ಚುಕಡಿಮೆ ಸಮವಾದರೆ ಇನ್ನಷ್ಟು ಕಂಪನಿಗಳನ್ನು ಸೇರಿಸುವುದಕ್ಕಿಂತ ಇರುವ ಒಂದರಲ್ಲೇ 30 ಜನರನ್ನು 60 ಮಾಡುವುದು ಜಾಣತನ. ಒಂದೇ ಪ್ಲಾಟ್‌ಫಾರ್ಮ್, ಒಂದೇ ಪಟ್ಟಿ, ತಾಳೆ ನೋಡುವ ಕೆಲಸವೂ ಹೆಚ್ಚುಕಡಿಮೆ ಅಷ್ಟೇ.

ಇನ್ನು ಕೆಲಸ ಬಿಟ್ಟುಹೋಗುವವರು. ಕೊನೆಯ ಸಂಬಳದೊಂದಿಗೆ ಅವರ ದೇಣಿಗೆಯೂ ನಿಲ್ಲುತ್ತದೆ, ಕಚೇರಿಯ ಇಮೇಲ್ ಮುಚ್ಚಿಹೋಗುತ್ತದೆ, ಅವರನ್ನು ತಲುಪುವ ದಾರಿಯೇ ಇರುವುದಿಲ್ಲ. ಸೇರುವಾಗಲೇ ಸ್ವಂತ ಇಮೇಲ್ ವಿಳಾಸವನ್ನು, ಅವರ ಒಪ್ಪಿಗೆ ಪಡೆದು, ಬರೆಸಿಕೊಂಡಿದ್ದರೆ ಮಾತು ಬೇರೆ. ಎರಡು ತಿಂಗಳು ಅವರ ಸಾಲು ಖಾಲಿ ಕಂಡೊಡನೆ ಒಂದು ಚಿಕ್ಕ ಪತ್ರ ಬರೆಯಬಹುದು: ಇಷ್ಟು ದಿನ ಕೊಟ್ಟದ್ದಕ್ಕೆ ವಂದನೆ, ಬ್ಯಾಂಕಿನಿಂದಲೇ ಮುಂದುವರಿಸಲು ಬೇಕಾದ ವಿವರ, ಮತ್ತು ಕೊನೆಗೊಂದು ಪ್ರಶ್ನೆ, 'ನಿಮ್ಮ ಹೊಸ ಕಚೇರಿಯಲ್ಲೂ ಈ ವ್ಯವಸ್ಥೆ ಇದೆಯೇ?'